ಸೈರನ್ ಕೇಳುವಷ್ಟು ದೂರದಲ್ಲಿ

ಇದು ನಡೆದ ಕತೆ. ನಡೆದದ್ದು ಎಂದರೆ ಪೂರ್ತಿ ಸರಿಯಾಗಲಿಲ್ಲ. ಶುರುವಿನಲ್ಲಿ ನಡೆಯಿತು, ಆಮೇಲೆ ಓಡಿತು, ಮೆಟ್ಟಿಲ ಮೇಲೆ ಮುಗ್ಗರಿಸಿತು, ಕೊನೆಗೆ ಮಕಾಡೆ ಮಲಗಿತು. ಆದರೆ ಇದರಲ್ಲಿ ಬೀಳುವ ಒಂದೇಟೂ ಸುಳ್ಳಲ್ಲ. ಬಾಡಿಗೆ ಎಂಬ ಮಾತಿನೊಳಗೆ ಬಾಡಿ ಯಾಕೆ ಕೂತಿದೆ ಎಂದು ಯಾರಾದರೂ ಕೇಳಿದರೆ, ನಿಘಂಟು ತೆಗೆಯಬೇಡಿ, ಇದನ್ನೇ ಹೇಳಿ.

ಗಿಳಿಗೆ ಹೊಸ ಊರಿನಲ್ಲಿ ಕೆಲಸ ಸಿಕ್ಕಿತ್ತು. ಗಿಳಿ ಎಂದರೆ ರೆಕ್ಕೆಯದಲ್ಲ, ಮೀಸೆಯದು. ಯಾರ ದನಿಯಾದರೂ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಕೆಮ್ಮಿನ ಸಮೇತ ಇಳಿಸಿಬಿಡುತ್ತಿದ್ದ; ಅದಕ್ಕೇ ಆ ಹೆಸರು. ಹಳೇ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಹೊರಡುವ ಬಸ್ಸುಗಳನ್ನು ಕೂಗುತ್ತಿದ್ದವನು, ಒಂದು ಬೆಳಿಗ್ಗೆ ಮ್ಯಾನೇಜರರ ದನಿಯಲ್ಲಿ ಡ್ರೈವರುಗಳಿಗೆಲ್ಲ ರಜೆ ಘೋಷಿಸಿಬಿಟ್ಟ. ಬಸ್ಸುಗಳು ನಿಂತವು, ಗಿಳಿ ಹೊರಟ.

ಈಗ ಸಿಕ್ಕಿದ್ದು ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವ ಕೆಲಸ. ಯಾರಾದರೂ ಬೆಂಕಿ ಬೆಂಕಿ ಎಂದು ಅರಚಿದರೆ, ಯಾವ ರಸ್ತೆ, ಯಾವ ಮಹಡಿ, ಒಳಗೆ ಯಾರಿದ್ದಾರೆ ಎಂದು ಕೇಳಿ ಗಾಡಿ ಕಳಿಸಬೇಕು. ಅದೇ ದಿನ ಇನ್ನೊಬ್ಬನೂ ಕೆಲಸಕ್ಕೆ ಸೇರಿದ್ದ, ಬಾಗಿಲು ಒಡೆಯುವುದಕ್ಕೆ. ಅವನ ಭುಜ ನೋಡಿದರೆ ಬಾಗಿಲುಗಳು ಮರ್ಯಾದೆಯಿಂದ ತಾವೇ ತೆರೆದುಕೊಳ್ಳಬೇಕು, ಹಾಗಿದ್ದ. ಸಾಮಾನು ಹಂಚಿದಾಗ ಗಿಳಿಗೆ ಒಂದು ಹೆಡ್‌ಫೋನು, ಅವನಿಗೆ ಒಂದು ಕೊಡಲಿ. ಸಂಜೆಯೊಳಗೆ ಠಾಣೆಯವರೆಲ್ಲ ಅವನನ್ನೇ ಕೊಡಲಿ ಎಂದು ಕರೆಯತೊಡಗಿದ್ದರು.

ಠಾಣಾಧಿಕಾರಿ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

"ನೋಡ್ರಯ್ಯಾ, ಇಲ್ಲಿ ರೂಲು ಎರಡೇ. ಒಂದು, ಕೂಗು ಕೇಳಿದ್ರೆ ಅದರ ಕಡೆಗೇ ಓಡಬೇಕು, ವಾಪಸ್ ಅಲ್ಲ. ಎರಡು, ಸೈರನ್ ಆದಾಗ ಮನೇಲಿದ್ರೂ ಎದ್ದು ಬರಬೇಕು. ಅಂದ್ರೆ ಸೈರನ್ ಕೇಳಿಸೋ ಕಡೆ ಮನೆ ಮಾಡಿ. ಸೋಮವಾರ ಬೆಳಿಗ್ಗೆ ನನಗೆ ವಿಳಾಸ ಬೇಕು."

"ಸೋಮವಾರ ಅಂದ್ರೆ ನಾಡಿದ್ದಲ್ವಾ ಸರ್?"

"ನಾಡಿದ್ದೇ. ಬೆಂಕಿ ನಿನ್ನ ಹತ್ರ ಟೈಮ್ ಕೇಳಿ ಬರುತ್ತಾ? ಆಗಲ್ಲ ಅಂದ್ರೆ ಹೇಳು, ನಿನ್ನ ಕುರ್ಚಿಗೆ ಕಾಯ್ತಿರೋರು ಹೊರಗೆ ಇದಾರೆ."

ಗಿಳಿಗೆ ಕುರ್ಚಿಗಿಂತ ಮನೆಯದೇ ಚಿಂತೆ. ಹಳೇ ಊರಿನಲ್ಲಿ ಅಮ್ಮ ಇದ್ದಳು, ಅಪ್ಪನೂ ಇದ್ದ. ಇಬ್ಬರೂ ಒಂದೇ ಮನೆಯಲ್ಲಿದ್ದರು ಎನ್ನುವುದೇ ತೊಂದರೆ. ಗಿಳಿ ಹುಟ್ಟುವ ಮೊದಲೇ ಅಮ್ಮನ ಮೇಲೆ ಎದ್ದ ಅಪ್ಪನ ಕೈ ಇನ್ನೂ ಇಳಿದಿರಲಿಲ್ಲ. "ನಿಂಗೊಂದು ಬಾಗಿಲು ಅಂತ ಆಗ್ಲಿ ಮಗಾ, ಅವತ್ತೇ ಬಂದ್ಬಿಡ್ತೀನಿ. ಬಟ್ಟೆ ಕಟ್ಟಿಟ್ಟಿದ್ದೀನಿ" ಎಂದಿದ್ದಳು ಫೋನಿನಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡವಳ ದನಿಯಲ್ಲಿ. ಕೆಲಸ ಹೋದರೆ ಬಾಗಿಲಿಲ್ಲ. ಬಾಗಿಲಿಲ್ಲದಿದ್ದರೆ ಆ ಬಟ್ಟೆಯ ಗಂಟು ಅಪ್ಪನ ಕೈಗೆ ಸಿಗುವುದು ಇವತ್ತೋ ನಾಳೆಯೋ. ಸಿಕ್ಕಿದರೆ ಏನಾಗುತ್ತದೆ ಎಂದು ಯೋಚಿಸುವ ಧೈರ್ಯ ಗಿಳಿಗಿರಲಿಲ್ಲ.

ಅದೇ ದಿನ, ಶನಿವಾರ, ಮನೆ ಹುಡುಕಲು ಹೊರಟರೆ, ಸೈರನ್ ಕೇಳುವ ಬೀದಿಗಳಲ್ಲಿ ಇಡೀ ಊರೇ ಮನೆ ಹುಡುಕುತ್ತಿತ್ತು. ಮೊದಲು ನೋಡಿದ್ದು ವಾಸಕ್ಕಲ್ಲ, ವಾಸನೆಗೆಂದು ಕಟ್ಟಿಸಿದ ಮನೆ. ಅದಕ್ಕೂ ಸಾಲು. ಸಾಲು ಮುರಿದು ಮುಂದೆ ನುಗ್ಗಿದ ಲೆಕ್ಕಿಗನ ಕೈಯನ್ನು ನರ್ಸೊಬ್ಬಳು ರಕ್ತ ಬರುವಂತೆ ಕಚ್ಚಿದಳು. ಆಮೇಲೆ ತಾನೇ ಚೀಲದಿಂದ ಬ್ಯಾಂಡೇಜು ತೆಗೆದು ಚೊಕ್ಕವಾಗಿ ಕಟ್ಟಿದಳು. ಅವನು ಗಂಟಿನ ಅಂದ ನೋಡುತ್ತಿರುವಾಗ ಅವನ ಇನ್ನೊಂದು ಕೈಯಲ್ಲಿದ್ದ ಕೀಲಿ ಕಿತ್ತುಕೊಂಡು ಹೋದಳು. ಎರಡನೇ ಮನೆಯ ಮೆಟ್ಟಿಲ ಮೇಲೆ ಯಾರದೋ ಮೊಣಕೈ ಗಿಳಿಯ ಪಕ್ಕೆಗೆ ಬಿತ್ತು. ತಿರುಗಿ ನೋಡಿದರೆ ನಗುಮುಖದ ಹುಡುಗ. "ಸಾರಿ ಬ್ರದರ್, ಮದುವೆ ಗೊತ್ತಾಗಿದೆ" ಎಂದು ಇನ್ನೊಂದು ಕೊಟ್ಟ. ಮೂರನೆಯದರಲ್ಲಿ ಇಬ್ಬರು ಒಬ್ಬರ ಕಾಲರು ಒಬ್ಬರು ಹಿಡಿದುಕೊಂಡು ಮೇಲಿನ ಮಹಡಿಯಿಂದ ನೆಲದ ತನಕ ಉರುಳಿದರು. ಕೆಳಗೆ ಮುಟ್ಟುವಷ್ಟರಲ್ಲಿ ಮನೆ ಬೇರೊಬ್ಬನ ಪಾಲಾಗಿತ್ತು. ಒಬ್ಬನ ಮುಂಗೈ ಮೂಳೆ ಚರ್ಮದೊಳಗೇ ಬೇರೆ ದಿಕ್ಕಿಗೆ ತಿರುಗಿತ್ತು. ಅವನು ಅದನ್ನೊಮ್ಮೆ ನೋಡಿಕೊಂಡು, "ಇನ್ನು ಲಿಫ್ಟ್ ಇರೋ ಕಡೆನೇ ನೋಡ್ಬೇಕು" ಎಂದ.

ಭಾನುವಾರ ಉಳಿದದ್ದು ಒಂದೇ ಮನೆ, ಠಾಣೆಯ ಹಿಂದಿನ ಬೀದಿಯದು. ಗಿಳಿ ಫೋನ್ ಮಾಡಿದಾಗ ಯಜಮಾನಿಯೇ ಎತ್ತಿದರು. ಮಾತಿನ ಕೊನೆಗೊಂದು ಕೆಮ್ಮು, ಕೆಮ್ಮಿನ ಕೊನೆಗೊಂದು ತಿಳೀತಾ.

"ಮಧ್ಯಾಹ್ನದ ಮೇಲೆ ಬನ್ನಿ. ಬಂದೋರಲ್ಲಿ ಯಾರು ನನಗೆ ಹಿಡಿಸ್ತಾರೋ ಅವರಿಗೆ ಕೊಡೋದು. ನಿಮ್ಮ ಠಾಣೆಯವರೇ ಇನ್ನೊಬ್ಬರೂ ಕೇಳಿದಾರೆ, ದಪ್ಪ ದನಿಯವರು. ಅವರಿಗೇ ಕೊಡೋಣ ಅಂತ ಮನಸಲ್ಲಿದೆ. ಬಿಲ್ಡಿಂಗಲ್ಲಿ ಒಬ್ಬ ಗಟ್ಟಿ ಗಂಡಸು ಇರ್ಲಿ. ಹುಕ್ಕು ಹುಕ್ಕು. ತಿಳೀತಾ?"

ಗಿಳಿಗೆ ಚೆನ್ನಾಗಿಯೇ ತಿಳಿಯಿತು. ಫೋನ್ ಇಟ್ಟವನೇ ಕೊಡಲಿಗೆ ಹಚ್ಚಿದ, ಯಜಮಾನಿಯ ದನಿಯಲ್ಲಿ: "ಮನೆ ಬದಲಾಯ್ತಪ್ಪಾ. ಊರು ದಾಟಿದ ಮೇಲೆ ದೊಡ್ಡ ಗೋಡೌನ್ ಇದೆ, ಅದರ ಹಿಂದಿನ ಗೇಟಿಗೆ ಬಾ. ಬೆಲ್ ಒತ್ತಬೇಡ, ನೇರ ಒಳಗೇ ಬಾ. ಹುಕ್ಕು. ತಿಳೀತಾ?" ಆ ಗೇಟಿನೊಳಗೆ ಕಾವಲಿಗಿದ್ದ ನಾಯಿಗಳನ್ನು ಗಿಳಿ ಹಿಂದಿನ ದಿನ ಬಸ್ಸಿನ ಕಿಟಕಿಯಿಂದ ನೋಡಿದ್ದ. ನೋಡಿದವನೇ ಕಿಟಕಿ ಮುಚ್ಚಿದ್ದ.

ಕೊಡಲಿಗೆ ಹೀಗೆ ಚಳ್ಳೆಹಣ್ಣು ತಿನ್ನಿಸಿ ಹೋದರೆ, ಗೇಟಿನಲ್ಲಿ ಆಗಲೇ ಜನವೋ ಜನ. ಯಜಮಾನಿ ಕೀಲಿಗೊಂಚಲನ್ನು ಗದೆಯ ಹಾಗೆ ಹಿಡಿದು ಅಡ್ಡ ನಿಂತಿದ್ದರು. ತಳ್ಳಿದವರ ಗೆಣ್ಣಿಗೆ ಒಂದೊಂದು ಬೀಳುತ್ತಿತ್ತು.

"ಏಯ್, ನುಗ್ಗಬೇಡ್ರೋ! ಮನೆ ನನ್ದು, ಮೆಟ್ಲೂ ನನ್ದು. ಹುಕ್ಕು. ಎರಡನೇ ಮಹಡಿ, ಎಡಗಡೆ ಬಾಗಿಲು. ಬಲಗಡೇದು ಗುಜರಿ ಕೋಣೆ, ಅದಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ. ತಿಳೀತಾ?"

ಒಂದು ಕಾಲದಲ್ಲಿ ಅದು ಒಂದೇ ದೊಡ್ಡ ಮನೆ. ನಡುವೆ ಹಲಗೆ ಹೊಡೆದು, ಬಣ್ಣ ಬಳಿದು ಎರಡು ಮಾಡಿದ್ದರು. ಅರ್ಧ ಬಾಡಿಗೆಗೆ, ಅರ್ಧ ಮುರುಕು ಸಾಮಾನಿಗೆ. ಬಾಡಿಗೆಯ ಅರ್ಧದಲ್ಲಿ ಯುದ್ಧ ಶುರುವಾಗಿತ್ತು. ಅಡುಗೆಮನೆಯಲ್ಲಿ ಮುದುಕನೊಬ್ಬ ನೆಲದ ಮೇಲೆ ಅಂಗಾತ ಮಲಗಿ, "ನಾನು ಮಲಗಿ ಆಯ್ತು, ಇದು ನನ್ದು" ಎನ್ನುತ್ತಿದ್ದ; ಒಬ್ಬ ಅವನ ಕಾಲು ಹಿಡಿದು ಎಳೆಯುತ್ತಿದ್ದ; ಎಳೆಯುವವನ ಬೆನ್ನಿಗೆ ಹೆಂಗಸೊಬ್ಬಳು ಕೊಡೆಯಲ್ಲಿ ಬಾರಿಸುತ್ತಿದ್ದಳು. ಕಿಟಕಿಯ ಅಳತೆ ತೆಗೆಯುತ್ತಿದ್ದವನ ಟೇಪನ್ನೇ ಕುತ್ತಿಗೆಗೆ ಸುತ್ತಿ ಇನ್ನೊಬ್ಬ ಬಿಗಿದಿದ್ದ. ಇಷ್ಟು ಜನರಲ್ಲಿ ತಾನು ಯಜಮಾನಿಗೆ ಹಿಡಿಸುವುದು ಕನಸಿನ ಮಾತು ಎಂದು ಗಿಳಿಗೆ ಖಾತ್ರಿಯಾಯಿತು. ಹಿಂದೆ ಸರಿದು ಪಕ್ಕದ ಗುಜರಿ ಕೋಣೆಯ ಚಿಲಕ ತೆಗೆದು ಒಳಗೆ ನುಸುಳಿದ, ಒಳಗಿನಿಂದ ಅಗುಳಿ ಹಾಕಿಕೊಂಡ. ಹಳೇ ಹಾಸಿಗೆ, ಕಾಲು ಮುರಿದ ಕುರ್ಚಿಗಳು, ಬಾಗಿಲು ಸೊಟ್ಟಾದ ಒಂದು ಬೀರು.

ಮೊದಲು ಬೆಕ್ಕುಗಳ ಜಗಳ ಆಡಿಸಿದ.

"ಬೆಕ್ಕಿದೆ ಕಣ್ರೀ. ಇಲಿ ಕಾಟ ಇರಲ್ಲ" ಎಂದಿತು ಆಚೆಯ ಒಂದು ದನಿ, ಸಂತೋಷದಿಂದ.

ಪೈಪು ಒಡೆದು ನೀರು ಧೋ ಎಂದು ಸುರಿಯುವ ಸದ್ದು ಮಾಡಿದ.

"ನೀರೂ ಚೆನ್ನಾಗಿ ಬರುತ್ತೆ!"

ಗಿಳಿ ಹಾಸಿಗೆಯ ಮೇಲೆ ಕುಸಿದು ಕೂತ. ಅವನ ಗಂಟಲಿನಲ್ಲಿ ಇನ್ನೂ ನೂರು ದನಿಗಳಿದ್ದವು: ಮಂತ್ರಿಗಳದು, ಮೇಷ್ಟ್ರುಗಳದು, ಮೇಕೆಗಳದು. ಮನೆಯ ಆಸೆ ಬಿಟ್ಟು ಓಡುವಂತೆ ಮಾಡುವ ದನಿ ಮಾತ್ರ ಒಂದೇ. ಅದನ್ನು ಅವನು ಯಾವ ಗೆಳೆಯರ ಮುಂದೆಯೂ, ಎಷ್ಟು ಚಪ್ಪಾಳೆಗೂ, ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ.

ಮುರಿದ ಕುರ್ಚಿಯ ಕಾಲು ತೆಗೆದುಕೊಂಡು ಹಾಸಿಗೆಗೆ ಒಂದು ಕೊಟ್ಟ. ಧಪ್. ಅಪ್ಪನ ದನಿಯಲ್ಲಿ, ಜೋರಾಗಿ ಅಲ್ಲ, ಹಲ್ಲು ಕಚ್ಚಿಕೊಂಡು, "ಮತ್ತೆ ಹೇಳು" ಎಂದ. ಧಪ್. "ಮತ್ತೆ ಹೇಳು, ಹೇಳೇ." ಆಮೇಲೆ ಅಮ್ಮನ ಕೂಗು ಬಂತು. ಮೊದಲು ಅದು ಕೂಗಲ್ಲ, ಕೂಗಬಾರದೆಂದು ತಡೆದುಕೊಂಡ ಉಸಿರು. ಮೂರನೇ ಏಟಿಗೆ ಅದು ಒಡೆದು, ಮೇಲಕ್ಕೆ ಹೋಗಿ, ತುದಿಯಲ್ಲಿ ಮಗುವಿನ ದನಿಯಾಯಿತು. ಗಿಳಿಯ ತೋಳಿನ ಕೂದಲು ನಿಮಿರಿ ನಿಂತವು. ಇಷ್ಟು ಚೆನ್ನಾಗಿ ತನಗೆ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಹಲಗೆಯಾಚೆ ಜಗಳ ನಿಂತಿತು.

"ಟಿವಿ ಇರಬೇಕು."

"ಟಿವಿ ಅಲ್ಲ ರೀ."

ಧಪ್. "ಬೇಡಾ, ಬೇಡಾ, ಮಗ ಮಲಗಿದಾನೆ!"

"ಗಂಡ ಹೆಂಡ್ತಿ ವಿಷಯ. ನಮಗ್ಯಾಕೆ? ನಡೀರಿ ನಡೀರಿ."

ಹೆಜ್ಜೆಗಳು ಬಾಗಿಲ ಕಡೆ ಸರಿದವು, ಕಾಲಿಗೆ ಬುದ್ಧಿ ಹೇಳಿದವು. ಕುತ್ತಿಗೆಗೆ ಟೇಪು ಬಿಗಿದವನು, ಬಿಗಿಸಿಕೊಂಡವನು, ಕೊಡೆಯವಳು, ಎಲ್ಲರೂ. ಯಾರೂ ಹಲಗೆ ತಟ್ಟಲಿಲ್ಲ. ಇದು ಗಿಳಿಗೆ ಗೊತ್ತಿದ್ದ ವಿಷಯವೇ. ಆ ಗೊತ್ತಿನ ಮೇಲೆಯೇ ಆಟ ಕಟ್ಟಿದ್ದ. ಆದರೂ ಗೆದ್ದವನ ಬಾಯಿ ಕಹಿಯಾಯಿತು.

"ಹೋಗ್ಲಿ ಬಿಡಿ ಎಲ್ಲರೂ" ಎಂದಿತು ಅಡುಗೆಮನೆಯ ನೆಲದಿಂದ ಒಂದು ದನಿ. "ನನಗೆ ಕಿವಿ ಮಂದ. ನಾನಿರ್ತೀನಿ."

ಗಿಳಿ ಆ ಮುದುಕನಿಗಾಗಿ ಮತ್ತೆ ಶುರುಮಾಡಿದ. ಈ ಸಲ ಗಂಟಲು ಹರಿಯುವಂತೆ. ಹಾಸಿಗೆಯಿಂದ ಧೂಳೆದ್ದಿತು, ಕೈಯಲ್ಲಿದ್ದ ಕುರ್ಚಿಯ ಕಾಲು ಸೀಳಿ ಅವನದೇ ಅಂಗೈಗೆ ಚುಚ್ಚಿ ರಕ್ತ ಬಂತು, ಕೂಗಿನ ನಡುವೆ ಅಳುತ್ತಿದ್ದದ್ದು ಅಮ್ಮನೋ ತಾನೋ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

ಕಿಟಕಿಯ ಕೆಳಗೆ ಗೇಟಿನಲ್ಲಿ ಗದ್ದಲ. "ಕೊಲೆ ಆಗ್ತಿದೆ, ಫೋನ್ ಮಾಡ್ರೀ!" ಎಂದು ಯಾರೋ. "ಅಲ್ಲಿ ಯಾರೂ ಇಲ್ವಲ್ರೋ, ಬರೀ ಗುಜರಿ!" ಎಂದು ಯಜಮಾನಿ. ಯಾರೂ ಇಲ್ಲದ ಕೋಣೆಯಲ್ಲಿ ಹೆಂಗಸು ಕೂಗುತ್ತಿದ್ದಾಳೆ ಎಂದು ತಿಳಿದ ಮೇಲೆ ನಿಂತಿದ್ದವರೂ ಓಡಿದರು. ಆ ಓಟದ ನಡುವೆ ಒಂದು ದಪ್ಪ ದನಿ ಕೇಳಿತು.

"ಯಾವ ಮಹಡಿ?"

ಗಿಳಿಗೆ ಆ ದನಿ ಗೊತ್ತಿತ್ತು. ಕೊಡಲಿ. ನಾಯಿಗಳ ಬಾಯಿಂದ ಬಂದವನು. ಮನೆ ಸಿಕ್ಕಿದ ಕಡೆ ಹಾಗೇ ಇದ್ದುಬಿಡುವ ಲೆಕ್ಕದಲ್ಲಿ ಅವನು ಎರಡು ದಿನದಿಂದ ಸಾಮಾನಿನ ಚೀಲವನ್ನು ಬೆನ್ನಿಗೇ ಹಾಕಿಕೊಂಡು ತಿರುಗುತ್ತಿದ್ದ. ಚೀಲದ ಜೊತೆಗೆ ಠಾಣೆಯ ಕೊಡಲಿಯೂ ಇತ್ತು.

ಕೂಗು ಕೇಳಿದರೆ ಜನ ಎತ್ತ ಓಡುತ್ತಾರೆ ಎಂಬುದನ್ನು ಗಿಳಿ ಚಿಕ್ಕಂದಿನಿಂದ ಕಲಿತಿದ್ದ. ಅದರ ಕಡೆಗೇ ಓಡಿಬರುವವನನ್ನು ಅವನ ಲೆಕ್ಕ ಹಿಡಿದಿರಲಿಲ್ಲ. ಅಗುಳಿಗೆ ಕೈ ಹಾಕುವಷ್ಟರಲ್ಲಿ ಹಲಗೆ ಗೋಡೆಯ ನಡುವಿನಿಂದ ಕಬ್ಬಿಣದ ಮೂಗೊಂದು ಒಳಗೆ ಇಣುಕಿತು. ಹಿಂದೆ ಸರಿಯಿತು. ಮತ್ತೆ ಬಂತು. ಬಣ್ಣದ ಚಕ್ಕೆ ಗಿಳಿಯ ಕಣ್ಣಿಗೆ ಸಿಡಿಯಿತು. ನಾಲ್ಕೇ ಏಟಿಗೆ ಗೋಡೆಯಲ್ಲಿ ಬಾಗಿಲಾಯಿತು, ಮಂದ ಕಿವಿಯ ಮುದುಕನೂ ಎದ್ದು ಓಡಿದ. ಬಾಗಿಲಿನ ತುಂಬ ಕೊಡಲಿ ನಿಂತಿದ್ದ. ಪ್ಯಾಂಟಿನ ಒಂದು ಕಾಲು ಮೊಣಕಾಲಿನವರೆಗೆ ಹರಿದು, ಮೀನಖಂಡದಿಂದ ರಕ್ತ ಇಳಿದು ಬೂಟು ತುಂಬಿತ್ತು. ಅವನ ಕಣ್ಣಿಗೆ ಬಿದ್ದದ್ದು, ಧೂಳಿನಲ್ಲಿ ಮುಖದ ಗುರುತೂ ಸಿಗದ, ಕೈಯೆಲ್ಲ ರಕ್ತವಾಗಿ, ಕುರ್ಚಿಯ ಕಾಲು ಹಿಡಿದು ನಿಂತ ಒಬ್ಬ ಗಂಡಸು.

"ಎಲ್ಲಿ ಅವಳು?"

"ಅಣ್ಣಾ, ನಾನು..."

ಕಪಾಳಕ್ಕೆ ಮೋಕ್ಷ ಸಿಕ್ಕಿತು. ಗಿಳಿ ಬೀರುವಿಗೆ ಬಡಿದು, ಬೀರು ಗೋಡೆಗೆ ಬಡಿದು, ಇಬ್ಬರೂ ನೆಲಕ್ಕೆ. ಕೊಡಲಿ ಕೈಯಲ್ಲಿದ್ದ ಆಯುಧವನ್ನು ಪಕ್ಕಕ್ಕೆ ಎಸೆದ. ಅದು ಬಾಗಿಲಿಗೆ, ಮನುಷ್ಯರಿಗೆ ಮುಷ್ಟಿಯೇ ಸಾಕು. ಮೊದಲ ಗುದ್ದಿಗೆ ಮೂಗಿನೊಳಗೆ ಏನೋ ಪಟಕ್ಕೆಂದಿತು, ಬೆಚ್ಚಗಿನದು ತುಟಿಗೆ ಇಳಿಯಿತು. ಎರಡನೆಯದಕ್ಕೆ ಹಲ್ಲೊಂದು ನಾಲಿಗೆಯ ಮೇಲೆ ಬಂದು ಕೂತಿತು. ಮೂರನೆಯದು ನಿನ್ನೆಯ ಪಕ್ಕೆಗೇ ಹುಡುಕಿಕೊಂಡು ಬಂದು ಬಿತ್ತು.

"ಬೀರುವಿನಲ್ಲಿ ಹಾಕಿದ್ದೀಯೇನೋ? ಕೊಂದು ಹಾಕಿದ್ದೀಯಾ?" ಕೊಡಲಿ ಬೀರುವಿನ ಬಾಗಿಲನ್ನು ಕಿತ್ತು ಬಿಸಾಡಿದ. ಹಳೇ ಪರದೆಗಳು ಹೊರಗೆ ಸುರಿದವು. ಹಾಸಿಗೆ ಎತ್ತಿ ಹಾಕಿದ. "ಎಲ್ಲೋ?"

"ನಾನೇ! ಅವಳು ನಾನೇ ಅಣ್ಣಾ!" ಎಂದ ಗಿಳಿ.

ಹೆಣ ಬಚ್ಚಿಟ್ಟವನು ತಮಾಷೆಯನ್ನೂ ಮಾಡುತ್ತಾನೆಂದು ಕೊಡಲಿಯ ಪಿತ್ತ ನೆತ್ತಿಗೇರಿತು. ಎದೆಯ ಮೇಲೆ ಮೊಣಕಾಲೂರಿ, ಎರಡೂ ಕೈಯಲ್ಲಿ ಗಿಳಿಯ ಕುತ್ತಿಗೆ ಹಿಡಿದ. ಗಿಳಿಗೆ ಕಣ್ಣು ಕತ್ತಲಿಟ್ಟಿತು. ಕಾಲುಗಳು ನೆಲಕ್ಕೆ ಬಡಿದವು. ಈಗ ಯಾವ ಮಿಮಿಕ್ರಿಯೂ ಇರಲಿಲ್ಲ, ಜೀವವೇ ಬಾಯಿಗೆ ಬಂದಿತ್ತು. ಆ ಜೀವ ತನ್ನ ಸ್ವಂತ ದನಿ ಹುಡುಕಿಕೊಂಡು ಕೂಗಿತು. ಮೊದಲು ತಡೆದುಕೊಂಡ ಉಸಿರು. ಆಮೇಲೆ ಒಡೆದು, ಮೇಲಕ್ಕೆ ಹೋಗಿ, ತುದಿಯಲ್ಲಿ ಮಗುವಾಯಿತು.

ಕೊಡಲಿಯ ಕೈ ನಿಂತಿತು. ಮೆಟ್ಟಿಲ ಮೇಲೆ ಕೇಳಿದ್ದ ಹೆಂಗಸಿನ ಕೂಗು ಈಗ ತನ್ನ ಬೆರಳುಗಳ ಕೆಳಗಿನಿಂದ ಬರುತ್ತಿತ್ತು.

ಅವನು ಕೈ ತೆಗೆದು, ಆ ಕೈಗಳನ್ನೇ ನೋಡಿಕೊಂಡ. ಗಿಳಿ ಮಗ್ಗುಲಾಗಿ ಕೆಮ್ಮಿ, ರಕ್ತದ ಜೊತೆ ಹಲ್ಲನ್ನು ಉಗಿದ.

"ಅದು ನೀನೇನಾ?"

"ಹೂಂ."

"ಎಲ್ಲಿ ಕಲಿತೆ ಇದನ್ನ?"

"ಮನೇಲಿ."

"ಯಾರದು?"

"ಅಮ್ಮಂದು." ಗಿಳಿ ಮೂಗು ಒತ್ತಿಕೊಂಡ. "ಕೇಳಿದೋರು ಓಡ್ತಾರೆ ಅಂತ ಗೊತ್ತಿತ್ತು. ಮನೆ ನಂಗುಳಿಯತ್ತೆ ಅಂತ ಮಾಡ್ದೆ."

ಕೊಡಲಿ ಪಕ್ಕದಲ್ಲೇ ನೆಲದ ಮೇಲೆ ಕೂತ. "ಆಗ ಯಾರೂ ಬರ್ತಿರಲಿಲ್ವಾ?"

"ಪಕ್ಕದ ಮನೇವರು ರೇಡಿಯೋ ಜೋರು ಮಾಡೋರು. ಅಷ್ಟೇ. ನೀನೇ ಮೊದಲು ಬಂದೋನು."

ಕೊಡಲಿ ಚೀಲದಿಂದ ಟವೆಲು ತೆಗೆದು, ತನ್ನ ಕಾಲಿಗೆ ಕಟ್ಟಿಕೊಳ್ಳಲು ಹೋದವನು, ಮನಸ್ಸು ಬದಲಿಸಿ ಗಿಳಿಯ ಮೂಗಿಗೆ ಒತ್ತಿ ಹಿಡಿದ.

ಅಷ್ಟರಲ್ಲಿ ಸೈರನ್ ಮೊಳಗಿತು. ಗಾಬರಿಯಲ್ಲಿ ಫೋನ್ ಹೋಗಿದ್ದು ಪೊಲೀಸರಿಗಲ್ಲ, ಅವರದೇ ಠಾಣೆಗೆ. ಹಿಂದಿನ ಬೀದಿಯೇ ಆದ್ದರಿಂದ ಗಾಡಿ ಕೂಗು ಮುಗಿಸುವ ಮುಂಚೆ ಗೇಟಿಗೆ ಬಂತು. ಠಾಣಾಧಿಕಾರಿ ಮೆಟ್ಟಿಲು ಹತ್ತಿ ಬಂದು, ಗೋಡೆಯ ತೂತಿನಲ್ಲಿ ತಲೆ ತೂರಿಸಿ, ತಮ್ಮ ಹೊಸ ನೇಮಕಾತಿಗಳೆರಡನ್ನೂ ರಕ್ತದ ಮಡುವಿನಲ್ಲಿ ಕಂಡರು.

"ಒಳಗೆ ಯಾರ್ರೋ ಸತ್ತೋರು?"

"ಯಾರೂ ಇಲ್ಲ ಸರ್."

"ಕೊಂದೋರು?"

"ಅವರೂ ಇಲ್ಲ ಸರ್. ಮನೆ ನೋಡೋಕೆ ಬಂದಿದ್ವಿ."

ಅವರ ತೋಳಿನ ಕೆಳಗಿನಿಂದ ಯಜಮಾನಿ ನುಗ್ಗಿ ಬಂದರು. ತೂತು ನೋಡಿದರು. ಮೊದಲ ಗೊಂಚಲೇಟು ಕೊಡಲಿಯ ಬೆನ್ನಿಗೆ, ಎರಡನೆಯದು ಗಿಳಿಯ ತಲೆಗೆ, ಮೂರನೆಯದು ಅಡ್ಡ ಬಂದ ಅಧಿಕಾರಿಯ ಹೆಲ್ಮೆಟ್ಟಿಗೆ ಠಣ್ ಎಂದು. "ನನ್ನ ಗೋಡೆ! ನನ್ನ ಗೋಡೆ ಕಣ್ರೋ, ಮನೆ ಹಾಳರಾ!" ಕೈ ಸೋತ ಮೇಲೆ ಉಸಿರು ತಿರುಗಿಸಿಕೊಂಡು ಕೆಮ್ಮಿದರು. "ಒಡೆದೋರೇ ಎರಡೂ ಅರ್ಧ ತಗೋಬೇಕು, ಗುಜರಿ ಖಾಲಿ ಮಾಡ್ಬೇಕು, ಗೋಡೆ ಕಟ್ಟೋ ತನಕ ಇಬ್ಬರೂ ಇಲ್ಲೇ ಬಿದ್ದಿರಬೇಕು. ಬಿಟ್ಟು ಹೋದ್ರೆ ಪೊಲೀಸ್. ತಿಳೀತಾ?"

ಅಧಿಕಾರಿ ಹೆಲ್ಮೆಟ್ಟು ಸರಿಮಾಡಿಕೊಂಡರು. "ಸೈರನ್ ಕೇಳಿಸ್ತೇನ್ರೋ ಇಲ್ಲಿ?"

"ಚೆನ್ನಾಗಿ ಕೇಳಿಸ್ತು ಸರ್."

"ಹಾಗಾದ್ರೆ ಸರಿ. ವಿಳಾಸ ಸಿಕ್ಕಂಗಾಯ್ತು."

ಗಿಳಿಯನ್ನು ಸ್ಟ್ರೆಚರಿಗೆ ಏರಿಸಿದರು. ತಲೆಯ ಕಡೆ ಕೊಡಲಿಯೇ ಹಿಡಿದ, ಕುಂಟುತ್ತ. ಒಂದು ಮಹಡಿ ಇಳಿದ ಮೇಲೆ ಬಗ್ಗಿ ಮೆಲ್ಲಗೆ ಕೇಳಿದ: "ಅಮ್ಮ ಎಲ್ಲಿದಾರೆ ಈಗ?"

"ಅಲ್ಲೇ. ಮನೆ ಸಿಕ್ಕಿದ ದಿನ ಬರ್ತೀನಿ ಅಂದಿದಾಳೆ."

"ಸಿಕ್ತಲ್ಲ. ನಾಳೆ ಹೋಗಿ ಕರ್ಕೊಂಡು ಬರೋಣ. ಆ ಅರ್ಧ ಅಮ್ಮಂಗೆ, ಈ ಅರ್ಧ ನಮಗೆ. ನಿಮ್ಮಪ್ಪನ ಕೈನೂ ಒಂದ್ಸಲ ಕುಲುಕ್ತೀನಿ."

ಗಿಳಿಗೆ ಗುದ್ದುಗಳಿಗಿಂತ ಇದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ತಲೆಯ ಪಕ್ಕದಲ್ಲೇ ಆ ಹರಿದ ಪ್ಯಾಂಟು, ಕಚ್ಚಿಸಿಕೊಂಡ ಮೀನಖಂಡ. ಈ ಕಾಲು ಅಮ್ಮನನ್ನು ಕರೆತರಲು ಹೊರಡುವುದಾದರೆ, ಹೇಳದೆ ಇರುವುದು ಹೇಗೆ?

"ಅಣ್ಣಾ. ಆ ಗೋಡೌನ್ ನಾಯಿಗಳು..."

"ನಾಯಿ ವಿಷಯ ನಿಂಗ್ಯಾರು ಹೇಳಿದ್ರು?"

ವಿವರಿಸುವ ತ್ರಾಣ ಗಿಳಿಗಿರಲಿಲ್ಲ. ಊದಿದ ತುಟಿಯಲ್ಲೇ, ಹಲ್ಲು ಹೋದ ಸಂದಿನಿಂದ ಗಾಳಿ ಸೋರುತ್ತಿದ್ದ ಹಾಗೆಯೇ, ಶುರುಮಾಡಿದ: "ಮನೆ ಬದಲಾಯ್ತಪ್ಪಾ. ಬೆಲ್ ಒತ್ತಬೇಡ, ನೇರ ಒಳಗೇ ಬಾ. ಹುಕ್ಕು. ತಿಳೀತಾ?"

"ಯಾವನೋ ಅವನು ನನ್ನ ಥರ ಮಾತಾಡೋನು?" ಎಂದು ಮೇಲಿನಿಂದ ಯಜಮಾನಿ ಗುಡುಗಿದರು.

ಕೊಡಲಿ ಸ್ಟ್ರೆಚರನ್ನು ಮೆಟ್ಟಿಲ ತಿರುವಿನಲ್ಲಿ ನೆಲಕ್ಕಿಟ್ಟ. ಬೆರಳುಗಳನ್ನು ಮಡಿಸಿದ. ಕಾಲಿನ ಕಡೆ ಹಿಡಿದಿದ್ದವನು ಒಂದು ಮೆಟ್ಟಿಲು ಹಿಂದೆ ಸರಿದ. ಅಧಿಕಾರಿ "ಲೋ, ಸಾಕು ಕಣೋ, ಸತ್ತೋಗ್ತಾನೆ" ಎಂದರು. ಗಿಳಿ ಕಣ್ಣು ಮುಚ್ಚಿ, ಬರುವುದನ್ನು ಕಾದ.

ಏನೂ ಬರಲಿಲ್ಲ. ಕಣ್ಣು ತೆರೆದರೆ ಕೊಡಲಿಯ ಭುಜಗಳು ಕುಲುಕುತ್ತಿದ್ದವು. "ಬೆಲ್ ಒತ್ತಬೇಡ ಅಂದೆಯಲ್ಲೋ," ಎಂದ ಅವನು, ಉಸಿರು ಸಿಗದೆ. "ನಾಯಿ ಹಿಂದೆ ಬಿದ್ದಾಗ್ಲೂ ನಾನು 'ಅಮ್ಮಾ, ನೀವು ಹೇಳಿದ್ದಕ್ಕೇ ಬಂದೆ ಅಮ್ಮಾ' ಅಂತ ಗೋಡೌನಿಗೆ ಕೈ ಮುಗೀತಿದ್ದೆ ಕಣೋ!"

ಅಧಿಕಾರಿ ನಕ್ಕರು. ಸ್ಟ್ರೆಚರಿನ ಕಾಲುಗಡೆಯವನು ನಕ್ಕ. ಗಿಳಿಯೂ ಮುರಿದ ಪಕ್ಕೆ ಹಿಡಿದುಕೊಂಡು, ಅಯ್ಯೋ ಅಯ್ಯೋ ಎನ್ನುತ್ತ ನಕ್ಕ. ಆದರೆ ಅವರೆಲ್ಲರ ನಗುವನ್ನು ಮುಳುಗಿಸಿ, ಮೆಟ್ಟಿಲ ಮೇಲೆ ಕುಸಿದು ಕೂತು, ಪಕ್ಕದ ಗೋಡೆಗೆ ಗುದ್ದಿ ಗುದ್ದಿ ನಗುತ್ತಿದ್ದವನು ಕೊಡಲಿ. "ಗೋಡೆ ಕಣೋ, ನನ್ನ ಗೋಡೆ!" ಎಂದು ಯಜಮಾನಿ ಮೇಲಿನಿಂದ ಅರಚಿದಷ್ಟೂ ಅವನ ನಗು ಜೋರಾಗುತ್ತಲೇ ಹೋಯಿತು.